ಮೋಟಾರ್ ವೈಂಡಿಂಗ್ ಬರುತ್ತದೆ, ಕಲಿಸುವುದು ಹೇಗೆ?

ಪ್ರಶ್ನೆ: ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಡುವ ಕೆಲಸ. ಐಟಿಐ ಎಲೆಕ್ಟ್ರಿಷಿಯನ್ ಪಾಸಾಗಿ ಇಪ್ಪತ್ತು ವರ್ಷದ ಮೇಲಾಯಿತು. ಒಂದು ತರಬೇತಿ ಕೇಂದ್ರದವರು ದೊಡ್ಡವರ ಬ್ಯಾಚಿಗೆ ಪಾಠ ಮಾಡಲು ಕರೆದರು. ನಾನು ಮಾಡಿ ತೋರಿಸಿದಾಗ ಎಲ್ಲರೂ ತಲೆಯಾಡಿಸಿದರು. ಅವರ ಕೈಗೆ ಕೊಟ್ಟರೆ ಒಬ್ಬರಿಗೂ ಬರಲಿಲ್ಲ. ಈಗ ಕೇಂದ್ರದವರು ಟ್ರೇನರ್ ಸರ್ಟಿಫಿಕೇಟ್ ತನ್ನಿ ಅಂತಿದ್ದಾರೆ. ಇಷ್ಟು ವರ್ಷದ ಅನುಭವ ಸಾಲದೇ ಸರ್? ಅಂಗಡಿ ಮುಚ್ಚಿ ಓದಲು ಹೋಗುವುದು ಆಗದ ಮಾತು.

ಉತ್ತರ: ಅನುಭವ ಬೇಕೇ ಬೇಕು. ಆದರೆ ಅದೊಂದೇ ಸಾಲದು. ಕೆಲಸ ಬರುವುದು ಬೇರೆ, ಕಲಿಸಲು ಬರುವುದು ಬೇರೆ. ಎರಡನೆಯದನ್ನೂ ಕಸುಬಿನ ಹಾಗೆಯೇ ಕಲಿಯಬೇಕು. ಶಾಲೆ ಮೇಷ್ಟ್ರಿಗೆ ಬಿ.ಇಡಿ ಬೇಕು ಅಂದರೆ ಯಾರೂ ತಕರಾರು ಮಾಡುವುದಿಲ್ಲ. ವೆಲ್ಡಿಂಗ್, ಹೊಲಿಗೆ, ವೈಂಡಿಂಗ್ ಕಲಿಸುವವರಿಗೆ ಮಾತ್ರ ಕೆಲಸ ಬಂದರೆ ಸಾಕು ಅಂತೀವಿ. ಕಲಿಯಲು ಬಂದವರಿಗೆ ಇದು ಅನ್ಯಾಯ. ದಿನದ ಕೂಲಿ ಬಿಟ್ಟು ಬಂದವರು ಅವರು, ಅಲ್ವಾ?

ನಿಮ್ಮ ಬ್ಯಾಚಿನಲ್ಲಿ ಆಗಿದ್ದು ಇಷ್ಟು. ಸುಟ್ಟ ಮೋಟಾರು ಬಿಚ್ಚಿದ ಕೂಡಲೇ ನೀವು ಕನೆಕ್ಷನ್ ನೋಡಿಕೊಳ್ಳುತ್ತೀರಿ. ಕಾಯಿಲ್, ಅಂದರೆ ತಂತಿಯ ಸುರುಳಿ, ಯಾವ ಸ್ಲಾಟಿನಿಂದ (ಅದು ಕೂರುವ ಸೀಳು) ಯಾವ ಸ್ಲಾಟಿಗೆ ಹೋಗಿದೆ ಅಂತ ಲೆಕ್ಕ ಹಿಡಿಯುತ್ತೀರಿ. ಹಳೆ ತಂತಿ ಬಿಸಾಡುವ ಮೊದಲು ಸುತ್ತು ಎಣಿಸಿ, ತಂತಿಯ ದಪ್ಪ (ಗೇಜ್) ಅಳೆಯುತ್ತೀರಿ. ಇದೆಲ್ಲ ಕೈಗೆ ರೂಢಿ, ಬಾಯಿಗೆ ಬರುವುದೇ ಇಲ್ಲ. ನೋಡುವವರಿಗೆ ಕಾಣುವುದು ತಂತಿ ಕಿತ್ತಿದ್ದು, ಹೊಸದು ಹಾಕಿದ್ದು, ಅಷ್ಟೇ.

ಇದಕ್ಕೊಂದು ಹಳೆಯ ಕ್ರಮ ಇದೆ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಹಡಗುಕಟ್ಟೆಗಳಿಗೆ ಹೊಸ ಕೆಲಸಗಾರರು ರಾಶಿ ರಾಶಿ ಬೇಕಾದರು. ಆಗ ಚಾರ್ಲ್ಸ್ ಅಲೆನ್ ಎಂಬವರು ನಾಲ್ಕು ಹಂತದಲ್ಲಿ ಕಲಿಸುವುದನ್ನು ಬಳಕೆಗೆ ತಂದರು. ಮೊದಲು ಕಲಿಯುವವರನ್ನು ಅಣಿಮಾಡುವುದು, ಆಮೇಲೆ ತೋರಿಸುವುದು, ನಂತರ ಅವರಿಂದ ಮಾಡಿಸುವುದು, ಕೊನೆಗೆ ಪರೀಕ್ಷಿಸುವುದು. ನಮ್ಮ ಐಟಿಐ ಬೋಧಕರ ತರಬೇತಿಯಲ್ಲೂ ಪಾಠದ ಯೋಜನೆ ಬರೆಸುವುದು ಇದೇ ಕ್ರಮದಲ್ಲಿ. ನೀವು ಎರಡನೆಯ ಹಂತಕ್ಕೆ ನೇರ ಇಳಿದಿರಿ.

ದೊಡ್ಡವರ ಬ್ಯಾಚಿನಲ್ಲಿ ಮೊದಲನೆಯ ಹಂತಕ್ಕೇ ಜಾಸ್ತಿ ಸಮಯ ಕೊಡಿ. ಕಲಘಟಗಿ ಕಡೆಯ ರೈತನೊಬ್ಬ ಬಂದಿದ್ದಾನೆ ಅಂದುಕೊಳ್ಳಿ. ಅವನಿಗೆ ಓಮ್‌ನ ನಿಯಮ ಗೊತ್ತಿಲ್ಲದಿರಬಹುದು. ಮೂರು ಫೇಸ್ ಕರೆಂಟಿನಲ್ಲಿ ಒಂದು ಫೇಸ್ ಹೋದಾಗ ಪಂಪ್‌ಸೆಟ್ ಗುಂಯ್ ಅನ್ನುವುದು ಚೆನ್ನಾಗಿ ಗೊತ್ತು. ಅಲ್ಲಿಂದಲೇ ಶುರು ಮಾಡಿ. ಹಾಗೆ ಸುಟ್ಟುಹೋದ ಮೋಟಾರೊಂದನ್ನು ಮೇಜಿನ ಮೇಲಿಟ್ಟು, ಯಾವ ಕಾಯಿಲ್ ಕರ್ರಗಾಗಿವೆ, ಯಾವುವು ಹಾಗೇ ಇವೆ ಅಂತ ಕೇಳಿ. ಸ್ಟಾರ್ ಕನೆಕ್ಷನ್ (ಮೂರೂ ಫೇಸಿನ ಕಾಯಿಲ್‌ಗಳ ಒಂದೊಂದು ತುದಿ ಒಂದೇ ಕಡೆ ಸೇರಿದ್ದು) ಆಗಿದ್ದರೆ ಎರಡು ಫೇಸಿನ ಕಾಯಿಲ್ ಸುಟ್ಟು ಒಂದರದ್ದು ಉಳಿದಿರುತ್ತದೆ. ಡೆಲ್ಟಾ (ತುದಿಗೆ ತುದಿ ಸೇರಿ ತ್ರಿಕೋನವಾದದ್ದು) ಆಗಿದ್ದರೆ ಒಂದರದ್ದು ಸುಟ್ಟು ಎರಡರದ್ದು ಉಳಿದಿರುತ್ತದೆ. ಯಾಕಿರಬಹುದು ಅಂತ ಸ್ವಲ್ಪ ಹೊತ್ತು ಅವರೇ ತಲೆ ಕೆಡಿಸಿಕೊಳ್ಳಲಿ. ಉತ್ತರ ಆಮೇಲೆ ಹೇಳಿ. ಕೆಲಸ ಮಾಡಿಸುವಾಗ, ಈಗ ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ ಅಂತ ಅವರ ಬಾಯಿಂದಲೇ ಹೇಳಿಸಿ. ತಪ್ಪಿದರೆ ಎಲ್ಲರೆದುರು ಬೈಯಬೇಡಿ. ಹುಡುಗರಾದರೆ ಮರೆತುಬಿಡುತ್ತಾರೆ, ನಲವತ್ತರ ಮನುಷ್ಯ ಮರುದಿನ ಬರುವುದೇ ಇಲ್ಲ.

ಇನ್ನು ಸರ್ಟಿಫಿಕೇಟ್ ವಿಚಾರ. ಐಟಿಐ ಬೋಧಕರಿಗಾಗಿ ಕೇಂದ್ರ ಸರ್ಕಾರದ ಸಿಐಟಿಎಸ್ (ಕ್ರಾಫ್ಟ್ ಇನ್‌ಸ್ಟ್ರಕ್ಟರ್ ಟ್ರೇನಿಂಗ್ ಸ್ಕೀಮ್) ಕೋರ್ಸ್ ಇದೆ. ಐಟಿಐ ಪಾಸಾದವರು ಸೇರಬಹುದು. ಬೆಂಗಳೂರಿನ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲಿ ನಡೆಯುತ್ತದೆ. ಆದರೆ ಪೂರ್ತಿ ಒಂದು ವರ್ಷ. ಅಂಗಡಿ ನಡೆಸುವ ನಿಮಗೆ ಅದು ಹೊಂದುವುದಿಲ್ಲ. ಒಂದೊಂದು ಉದ್ಯಮಕ್ಕೆ ಕೌಶಲದ ಮಟ್ಟ ಗೊತ್ತುಮಾಡುವ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ಗಳ ಟ್ರೇನರ್ ತರಬೇತಿ ಕೆಲವೇ ದಿನದ್ದು. ಅಲ್ಲಿ ನಿಮ್ಮ ಕಸುಬನ್ನೂ ಕಲಿಸುವ ರೀತಿಯನ್ನೂ ಎರಡನ್ನೂ ಪರೀಕ್ಷೆ ಮಾಡುತ್ತಾರೆ. ದುಡ್ಡು ಕಟ್ಟುವ ಮೊದಲು, ಯಾವ ಕೆಲಸದ ಹೆಸರಿನಲ್ಲಿ, ಯಾರು ಕೊಟ್ಟ ಸರ್ಟಿಫಿಕೇಟ್ ನಡೆಯುತ್ತದೆ ಅಂತ ನಿಮ್ಮ ತರಬೇತಿ ಕೇಂದ್ರದವರನ್ನು ಕೇಳಿಕೊಳ್ಳಿ.

ಹತ್ತಿರದ ದಾರಿ ಇನ್ನೊಂದಿದೆ. ಧಾರವಾಡದ ರುಡ್‌ಸೆಟ್ ಸಂಸ್ಥೆಗೆ ಒಮ್ಮೆ ಹೋಗಿ ಬನ್ನಿ. ಹಳ್ಳಿಯ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಜಾಗ ಅದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ಈ ಸಂಸ್ಥೆಯ ಮಾದರಿಯಲ್ಲೇ ಮುಂದೆ ದೇಶದ ತುಂಬ ಬ್ಯಾಂಕುಗಳು ನಡೆಸುವ ಅಂಥದೇ ತರಬೇತಿ ಸಂಸ್ಥೆಗಳಾದ ಆರ್‌ಸೆಟಿಗಳು ಬಂದವು. ಮೋಟಾರ್ ರಿವೈಂಡಿಂಗ್ ಅವುಗಳಲ್ಲಿ 30 ದಿನಗಳ ಕೋರ್ಸ್. ಕಸುಬುದಾರರನ್ನೇ ಅತಿಥಿಗಳಾಗಿ ಕರೆದು ಪಾಠ ಮಾಡಿಸುವ ರೂಢಿ ಅಲ್ಲಿದೆ. ಯಾವುದಾದರೂ ಬ್ಯಾಚಿನಲ್ಲಿ ಹಿಂದೆ ಕೂತು ನೋಡಲು ಅನುಮತಿ ಕೇಳಿ. ಪಾಠ ಮಾಡುವವರನ್ನು ಬಿಟ್ಟು ಕಲಿಯುವವರ ಕೈ ನೋಡಿ.

ಕೊನೆಗೆ, ಸಂಕೋಚ ಬಿಟ್ಟು ಕೇಳಬೇಕಾದ ಎರಡು ಮಾತು. ಸರ್ಟಿಫಿಕೇಟ್ ಬೇಕು ಅನ್ನುವ ಕೇಂದ್ರದವರು ಅದರ ಖರ್ಚಿನಲ್ಲಿ ಪಾಲು ಕೊಡಬೇಕು, ಪಾಠ ತಯಾರಿಯ ಹೊತ್ತಿಗೂ ಗೌರವಧನ ಹಿಡಿಯಬೇಕು. ಬರೀ ಪಾಠದ ಗಂಟೆ ಲೆಕ್ಕ ಹಾಕಿದರೆ ಯಾರೂ ತಯಾರಿ ಮಾಡಿಕೊಂಡು ಬರುವುದಿಲ್ಲ. ಇನ್ನೊಂದು, ಪ್ರತಿಯೊಬ್ಬರೂ ಕೈಯಾರೆ ಕಾಯಿಲ್ ಸುತ್ತಿ ಕೂರಿಸುವಷ್ಟು ತಂತಿ, ಹಳೆ ಮೋಟಾರು ತರಿಸಿಕೊಡುತ್ತೀರಾ ಅಂತ ಕೇಳಿ. ಇಡೀ ಬ್ಯಾಚಿಗೆ ಒಂದೇ ಮೋಟಾರು ಅಂದರೆ, ಆ ಪಾಠ ಒಪ್ಪಿಕೊಳ್ಳಬೇಡಿ.