ಡಾಗ್‌ರಿಜ್ ಬೇರಿನ ದ್ರಾಕ್ಷಿ ತೀರ್ಥಹಳ್ಳಿಗೆ ಹೊಂದುತ್ತದೆಯೇ?

ನಮಸ್ಕಾರ. ಬೇಸಿಗೆಯ ಕಾವು ಏರುತ್ತಿದೆ, ಮಳೆಗೆ ಹೊತ್ತುಗೊತ್ತಿಲ್ಲ, ಕಾಳುಮೆಣಸು ಸೊರಗು ರೋಗಕ್ಕೆ ಹೋಗುತ್ತಿದೆ. ವಿಜಯಪುರದವರಂತೆ ಡಾಗ್‌ರಿಜ್ ಬೇರಿಗೆ ಕಸಿ ಕಟ್ಟಿದ ದ್ರಾಕ್ಷಿಯನ್ನು ತೀರ್ಥಹಳ್ಳಿಯ ಒಂದು ಎಕರೆಗೆ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಕಸಿ ಕಾಪಾಡುವುದು ಕಸಿಗಂಟಿನ ಕೆಳಗಿನ ಭಾಗವನ್ನು ಮಾತ್ರ. ನಿಮ್ಮಲ್ಲಿ ದ್ರಾಕ್ಷಿಗೆ ಬರುವ ಕಷ್ಟ ಗಂಟಿನ ಮೇಲಿನದು.

ಡಾಗ್‌ರಿಜ್ ಟೆಕ್ಸಾಸ್ ಮೂಲದ ಬೇರುಸಸ್ಯ. ಉಪ್ಪು, ಬರ, ಬೇರಿನ ಜಂತುಹುಳು ಇವನ್ನು ತಾಳುತ್ತದೆ. ಬಯಲುಸೀಮೆಯಲ್ಲಿ ಅದನ್ನು ಮೊದಲು ನೆಟ್ಟು, ಬಲಿತ ಮೇಲೆ ಹೊಲದಲ್ಲೇ ಥಾಮ್ಸನ್ ಸೀಡ್‌ಲೆಸ್ ಕುಡಿಯನ್ನು ಕಸಿ ಕಟ್ಟುತ್ತಾರೆ. ಕೊಳವೆಬಾವಿಯ ಸವಳು ನೀರಿಗೆ ಅದು ಸರಿಯಾದ ಉತ್ತರ. ನಮ್ಮ ಮಣ್ಣಿನಲ್ಲಿ ಉಪ್ಪೆಲ್ಲಿದೆ? ಮಳೆ ಸುಣ್ಣವನ್ನೂ ಬಿಡದೆ ತೊಳೆದು ಮಣ್ಣನ್ನು ಹುಳಿ ಮಾಡಿದೆ. ಮೇಲಾಗಿ ನೀರು ಧಾರಾಳವಾಗಿ ಸಿಕ್ಕರೆ ಡಾಗ್‌ರಿಜ್ ಬಳ್ಳಿಯನ್ನು ಸೊಕ್ಕಿಸುತ್ತದೆ. ಎಲೆ ದಟ್ಟವಾಗಿ ಗೊಂಚಲು ಕಡಿಮೆಯಾಗುತ್ತದೆ. ಏಪ್ರಿಲ್ ಚಾಟ್ನಿಯ, ಅಂದರೆ ಬಳ್ಳಿ ಸವರುವಿಕೆಯ, ನಂತರ ಮುಂದಿನ ಫಸಲಿನ ಗೊಂಚಲು ಮೊಗ್ಗಿನೊಳಗೇ ರೂಪುಗೊಳ್ಳುತ್ತದೆ, ಅದಕ್ಕೆ ಬಿಸಿಲು ಬೇಕು. ಆ ಹೊತ್ತಿಗೆ ನಮ್ಮಲ್ಲಿ ಜೂನ್ ಮೋಡ ಕವಿದಿರುತ್ತದೆ, ಒದ್ದೆ ಎಲೆಗೆ ಡೌನಿ ಎಂಬ ಬೂಜು ರೋಗ ಹತ್ತುತ್ತದೆ.

ಫ್ರಾನ್ಸಿನಲ್ಲಿ ಆದದ್ದೂ ಇದೇ. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಬೇರುಹೇನು ಅಲ್ಲಿನ ದ್ರಾಕ್ಷಿತೋಟಗಳನ್ನು ನಾಶ ಮಾಡತೊಡಗಿತು. ಅಮೆರಿಕದ ಬೇರಿಗೆ ಕಸಿ ಕಟ್ಟಿ ತೋಟ ಉಳಿಸಿಕೊಂಡರು. ಅದೇ ಕಾಲದಲ್ಲಿ ಅಮೆರಿಕದಿಂದಲೇ ಡೌನಿಯೂ ಬಂತು. ಅದನ್ನು ಬೇರು ತಡೆಯಲಿಲ್ಲ, ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವೇ ಬೇಕಾಯಿತು. ನಾವು ಅಡಿಕೆಯ ಕೊಳೆಗೆ ಹೊಡೆಯುವ ಔಷಧಿ ಹುಟ್ಟಿದ್ದು ದ್ರಾಕ್ಷಿತೋಟದಲ್ಲಿ.

ಕಸಿಯ ಬುದ್ಧಿಯನ್ನು ಮೆಣಸಿಗೆ ಬಳಸಿ. ಸೊರಗು ರೋಗ ತರುವ ಫೈಟಾಫ್ತೊರಾ ಎಂಬ ರೋಗಾಣು ಬೇರು, ಬುಡದಿಂದಲೂ ಹತ್ತುತ್ತದೆ. ದಕ್ಷಿಣ ಅಮೆರಿಕದ ಕಾಡುಹಿಪ್ಪಲಿ, ಅಂದರೆ ಪೈಪರ್ ಕೊಲುಬ್ರಿನಮ್, ಅದನ್ನೂ ಜಂತುಹುಳುವನ್ನೂ ತಡೆದುಕೊಳ್ಳುತ್ತದೆ. ಹಿಪ್ಪಲಿಯ ಕಾಂಡವನ್ನು ಸೀಳಿ, ಪಣಿಯೂರು-1 ಮೆಣಸಿನ ತಳಿಯ ಕುಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಿರಿ. ನೆಡುವಾಗ ಕಸಿಗಂಟು ಮಣ್ಣಿನಿಂದ ಚೆನ್ನಾಗಿ ಮೇಲಿರಲಿ. ಬುಡಕ್ಕೆ ಮಣ್ಣು ಏರಿಸುವಾಗ ಗಂಟು ಮುಚ್ಚಿದರೆ ಮೆಣಸು ತಾನೇ ಬೇರು ಬಿಟ್ಟು ರೋಗವನ್ನು ಒಳಗೆ ಕರೆದುಕೊಳ್ಳುತ್ತದೆ, ಪಟ್ಟ ಶ್ರಮವೆಲ್ಲ ವ್ಯರ್ಥ. ಹಿಪ್ಪಲಿಯ ಚಿಗುರನ್ನು ಆಗಾಗ ಚಿವುಟಿ. ಎಲೆಗೂ ರೋಗ ತಗಲುವುದರಿಂದ ಮುಂಗಾರಿಗೆ ಮುನ್ನ ಶೇ 1ರ ಬೋರ್ಡೋ ಸಿಂಪಡಣೆ ತಪ್ಪಿಸಬೇಡಿ.

ಒಂದು ಮಿತಿಯಿದೆ, ಬದಲಾದ ಹವಾಮಾನದಲ್ಲಿ ಅದು ಸಣ್ಣದಲ್ಲ. ಈ ಹಿಪ್ಪಲಿ ಜೌಗಿನ ಗಿಡ. ಬೇಸಿಗೆಯಲ್ಲಿ ನೀರು ತಪ್ಪಿದರೆ ಬುಡವೇ ಒಣಗುತ್ತದೆ. ತಗ್ಗಿನ ಅಡಿಕೆ ತೋಟಕ್ಕೆ ಸರಿ, ಗುಡ್ಡದ ಇಳಿಜಾರಿಗೆ ಸಲ್ಲದು. ಇಳಿಜಾರಿನಲ್ಲಿ ಮಾಮೂಲಿ ಬಳ್ಳಿಯನ್ನೇ ಇಟ್ಟು, ಬಸಿಗಾಲುವೆ ತೋಡಿ, ಬುಡಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ಕೊಟ್ಟಿಗೆ ಗೊಬ್ಬರ ಕೊಡಿ. ಮಾರ್ಚ್, ಏಪ್ರಿಲ್‌ನಲ್ಲಿ ನಿಮ್ಮ ತೋಟಕ್ಕೆ ನೀರು ಎಷ್ಟು ಸಿಗುತ್ತದೆ ಎಂದು ತಿಳಿಸಿ; ಎಷ್ಟು ಕಸಿಬಳ್ಳಿ ಹಾಕಬಹುದು ಎಂದು ಲೆಕ್ಕ ಹಾಕೋಣ.