ಶಾರ್ಜಾದಲ್ಲಿದ್ದು ಊರಿಗೆ ಬಂದಾಗಲೇ ರಕ್ತ ಪರೀಕ್ಷೆ ಮಾಡಿಸೋದು ಸರಿಯೇ? ಯಾವ ಲ್ಯಾಬ್ ನಂಬಬಹುದು?

ಶಾರ್ಜಾದ ಆಸ್ಪತ್ರೆಯವರು ಬೇಕಿಲ್ಲದ ಟೆಸ್ಟ್ ಬರೀತಾರೆ, ಅದಕ್ಕೇ ವರ್ಷಕ್ಕೊಮ್ಮೆ ಗಂಗಾವತಿಗೆ ಬಂದಾಗ ಫುಲ್ ಬಾಡಿ ಪ್ಯಾಕೇಜ್ ಮಾಡಿಸಿ, ವರ್ಷಕ್ಕಾಗೋಷ್ಟು ಮಾತ್ರೆ ಕಟ್ಟಿಸಿಕೊಂಡು ಹೋಗ್ತೀವಿ, ಶುಗರ್ ಬಾರ್ಡರ್‌ನಲ್ಲಿದೆ ಅಂದಿದ್ದಾರೆ, ಮನೆಯವರಿಗೆ ಥೈರಾಯ್ಡ್ ಇದೆ ಅಂತ ಬರೆದಿದ್ದೀರಿ. ನಾನು ಸಿಂಧನೂರಿನವನು. ದುಬೈನಲ್ಲಿ ಹನ್ನೊಂದು ವರ್ಷ ಇದ್ದೆ, ಮೊದಲ ಐದು ವರ್ಷ ನೀವು ಮಾಡ್ತಿರೋದನ್ನೇ ಮಾಡಿದೆ.

2017ರ ಮೇ ತಿಂಗಳು. ರಜೆಗೆ ಬಂದಿದ್ದೆ. ಆಗಲೇ ದುಬೈನ ಡಾಕ್ಟರು ಮೆಟ್‌ಫಾರ್ಮಿನ್ 500 ದಿನಕ್ಕೆರಡು ಸಲ ಶುರು ಮಾಡಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮನೆಯ ಗ್ಲುಕೋಮೀಟರ್‌ನಲ್ಲಿ ನೋಡಿದರೆ 141. ಹತ್ತು ನಿಮಿಷ ಬಿಟ್ಟು ಒಂದು ಕಲೆಕ್ಷನ್ ಸೆಂಟರ್‌ನಲ್ಲಿ ರಕ್ತ ಕೊಟ್ಟೆ. ಸಂಜೆ ರಿಪೋರ್ಟ್ ಬಂತು: ಫಾಸ್ಟಿಂಗ್ 106. ಮೀಟರ್ ಕೆಟ್ಟಿದೆ, ಲ್ಯಾಬ್‌ನವರದ್ದೇ ಖರೆ ಅಂತ ನಂಬಿದೆ. ಮಾತ್ರೆ ಮೊದಲು ಒಂದು ಹೊತ್ತಿಗೆ ಇಳಿಸಿದೆ, ಆಮೇಲೆ ಬಿಟ್ಟೇಬಿಟ್ಟೆ. ಇಪ್ಪತ್ತು ತಿಂಗಳ ನಂತರ ಕಾಲು ಉರಿ ತಡೆಯಲಾಗದೆ ದುಬೈನ ಕ್ಲಿನಿಕ್‌ಗೆ ಹೋದಾಗ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಪರೀಕ್ಷೆ) 9.1 ಶೇಕಡಾ. ಕಣ್ಣಿನ ಡಾಕ್ಟರು ಎಡಗಣ್ಣಿನ ರೆಟಿನಾದಲ್ಲಿ ರಕ್ತದ ಸಣ್ಣ ಚುಕ್ಕೆಗಳನ್ನು ತೋರಿಸಿದರು.

ಆ 106 ಎಲ್ಲಿಂದ ಬಂತು ಅನ್ನೋದನ್ನು ನೀವು ಪೂರ್ತಿ ತಿಳಿದುಕೊಳ್ಳಬೇಕು. ನಿಮ್ಮ ‘ಬಾರ್ಡರ್’ ಕೂಡ ಅಲ್ಲಿಂದಲೇ ಬಂದಿರಬಹುದು.

ರಕ್ತ ಟ್ಯೂಬಿಗೆ ಬಿದ್ದ ಮೇಲೂ ಅದರಲ್ಲಿರೋ ಕಣಗಳು ಜೀವಂತವಾಗಿರುತ್ತವೆ. ಅವುಗಳ ಆಹಾರ ಸಕ್ಕರೆ. ಕಣಗಳನ್ನು ಬೇರ್ಪಡಿಸದೆ ಹಾಗೇ ಇಟ್ಟರೆ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಸಕ್ಕರೆ ಟ್ಯೂಬಿನೊಳಗೇ ಕರಗಿಹೋಗುತ್ತದೆ. ಬಿಸಿಲಲ್ಲಿ ಇನ್ನೂ ಬೇಗ. ನನ್ನ ರಿಪೋರ್ಟಿನ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ಹೊತ್ತು ಅಚ್ಚಾಗಿದ್ದವು. ಕಲೆಕ್ಟೆಡ್ ಬೆಳಿಗ್ಗೆ 7.10, ರಿಸೀವ್ಡ್ 11.40. ನಾನು ಸಿಂಧನೂರಲ್ಲಿ ಕೊಟ್ಟ ರಕ್ತ ಮೇ ತಿಂಗಳ ಬಿಸಿಲಲ್ಲಿ ಬಸ್ಸಿನಲ್ಲಿ ಬೇರೆ ಊರಿಗೆ ಹೋಗಿ ಮಷೀನ್ ಮುಟ್ಟಲು ನಾಲ್ಕೂವರೆ ಗಂಟೆ ಹಿಡಿದಿತ್ತು. ಗಂಟೆಗೆ 6 ಶೇಕಡಾ ಲೆಕ್ಕ ಹಾಕಿದರೆ 141 ಇದ್ದದ್ದು 106ರ ಹತ್ತಿರ ಬಂದು ನಿಲ್ಲುತ್ತದೆ. ಮಷೀನ್ ಸುಳ್ಳು ಹೇಳಿಲ್ಲ. ಅದರ ಮುಂದೆ ಬಂದ ರಕ್ತದಲ್ಲಿ ಅಷ್ಟೇ ಸಕ್ಕರೆ ಉಳಿದಿತ್ತು. ಆ ಎರಡು ಹೊತ್ತು ಎರಡು ವರ್ಷ ನನ್ನ ಫೈಲಿನಲ್ಲೇ ಇದ್ದವು, ನಾನು ಅಂಕಿ ಮಾತ್ರ ಓದಿದ್ದೆ.

ಇದನ್ನು ತಡೆಯೋಕೆ ಅಂತಲೇ ಬೂದು ಮುಚ್ಚಳದ ಟ್ಯೂಬ್ ಇದೆ. ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಮಕ್ಕಳ ಹಲ್ಲು ಕೆಡಿಸೋ ಅದೇ ಫ್ಲೋರೈಡ್ ಇಲ್ಲಿ ಉಪಕಾರಕ್ಕೆ ಬರುತ್ತದೆ: ಕಣಗಳು ಸಕ್ಕರೆ ತಿನ್ನೋದನ್ನು ನಿಲ್ಲಿಸುತ್ತದೆ. ಆದರೆ ಪೂರ್ತಿ ನಿಲ್ಲಿಸಲು ಅದಕ್ಕೂ ಒಂದೆರಡು ಗಂಟೆ ಬೇಕು, ಅಷ್ಟರಲ್ಲಿ ಸ್ವಲ್ಪ ಇಳಿದೇ ಇಳಿಯುತ್ತದೆ. ಬೂದು ಮುಚ್ಚಳ ಇದ್ದರೂ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಔಷಧಿ ಬೆರೆಸಬೇಕು. ಹಂಗೇ ಸ್ಟ್ಯಾಂಡಿಗೆ ಸಿಕ್ಕಿಸಿಬಿಟ್ಟರೆ ಪುಡಿ ತಳದಲ್ಲೇ ಕೂತಿರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ರಕ್ತ ತೆಗೆದ ಕಟ್ಟಡದಲ್ಲೇ ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್‌ಗೆ ಹಾಕಿ ಕಣಗಳನ್ನು ಬೇರ್ಪಡಿಸೋದು.

ಇನ್ನೊಂದು ಮಾತು. ಮೀಟರ್ ಕೆಟ್ಟಿರಲಿಲ್ಲ. ಮನೆಯ ಗ್ಲುಕೋಮೀಟರ್‌ಗಳಿಗೆ ಇರೋ ಐಎಸ್‌ಒ 15197 ಮಾನದಂಡದ ಪ್ರಕಾರ, ಶುಗರ್ 100ಕ್ಕಿಂತ ಮೇಲಿದ್ದಾಗ 95 ಶೇಕಡಾ ಫಲಿತಾಂಶ ಲ್ಯಾಬಿನ ಅಂಕಿಯಿಂದ 15 ಶೇಕಡಾ ಆಚೀಚೆಯೊಳಗೆ ಇರಬೇಕು. ಖಾಲಿ ಹೊಟ್ಟೆಯಲ್ಲಿ ಬೆರಳಿನ ರಕ್ತಕ್ಕೂ ತೋಳಿನ ರಕ್ತಕ್ಕೂ ಹೆಚ್ಚು ಫರಕು ಇರೋದಿಲ್ಲ. (ಊಟದ ನಂತರ ಬೆರಳಿನದ್ದು ಹೆಚ್ಚು ತೋರಿಸುತ್ತದೆ, ಅದನ್ನು ಹೋಲಿಸಬೇಡ್ರಿ.) 141ಕ್ಕೂ 106ಕ್ಕೂ ಇರೋ ಅಂತರ 33 ಶೇಕಡಾ. ಇಷ್ಟು ಅಂತರ ಕಂಡಾಗ ಯಾವುದೋ ಒಂದನ್ನು ನಂಬೋದಲ್ಲ, ಅದೇ ವಾರ ಮಷೀನ್ ಇರೋ ಲ್ಯಾಬಿನಲ್ಲಿ ಕೂತು ಮತ್ತೆ ರಕ್ತ ಕೊಡಬೇಕು, ಜೊತೆಗೆ ಎಚ್‌ಬಿಎ1ಸಿ ಸೇರಿಸಬೇಕು. ನನ್ನ ಪ್ಯಾಕೇಜಿನಲ್ಲಿ ಎಪ್ಪತ್ತು ಚಿಲ್ಲರೆ ಹೆಸರುಗಳಿದ್ದವು, ಎಚ್‌ಬಿಎ1ಸಿ ಇರಲಿಲ್ಲ.

ಹಂಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪೋದಿಲ್ಲ. ಊರಲ್ಲಿ ಯಾವ ಲ್ಯಾಬ್ ಅಂತ ಕೇಳಬೇಡ್ರಿ. ವರ್ಷದ ಹನ್ನೊಂದು ತಿಂಗಳು ಎಲ್ಲಿ ಇರ್ತೀರೋ ಅಲ್ಲೇ ಒಂದು ಲ್ಯಾಬ್, ಒಬ್ಬ ಡಾಕ್ಟರು ಅಂತ ಗೊತ್ತು ಮಾಡಿಕೊಳ್ರಿ. ಸಕ್ಕರೆ ಕಾಯಿಲೆಗೆ ಮೂರರಿಂದ ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಬೇಕು, ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಾದರೆ ಆರರಿಂದ ಎಂಟು ವಾರದಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತ ಪರೀಕ್ಷೆ) ನೋಡಬೇಕು. ವರ್ಷಕ್ಕೊಮ್ಮೆ ಬರೋ ಪ್ಯಾಕೇಜಿನಿಂದ ಎರಡೂ ಆಗೋದಿಲ್ಲ. ಅದೂ ರಜೆಯ ದಿನಗಳಲ್ಲಿ, ಮದುವೆ ಊಟ, ಹೋಳಿಗೆ, ಪ್ರಯಾಣದಲ್ಲಿ ತಪ್ಪಿದ ಮಾತ್ರೆಗಳ ನಡುವೆ.

ಅಲ್ಲಿ ಹುಡುಕೋದು ಹೇಗೆ? ದುಬೈನಲ್ಲಿ ಕ್ಲಿನಿಕ್‌ಗೆ ಲೈಸೆನ್ಸ್ ಕೊಡೋದು ದುಬೈ ಹೆಲ್ತ್ ಅಥಾರಿಟಿ, ಅಬುಧಾಬಿಯಲ್ಲಿ ಅಲ್ಲಿನ ಡಿಪಾರ್ಟ್‌ಮೆಂಟ್ ಆಫ್ ಹೆಲ್ತ್, ನಿಮ್ಮ ಶಾರ್ಜಾದಲ್ಲಿ ಯುಎಇ ಆರೋಗ್ಯ ಸಚಿವಾಲಯ. ಲೈಸೆನ್ಸ್ ರಿಸೆಪ್ಷನ್ ಹತ್ತಿರ ಗೋಡೆಗೆ ಹಾಕಿರ್ತಾರೆ. ಡಾಕ್ಟರ ದರ್ಜೆ ಮೂರು: ಜನರಲ್ ಪ್ರಾಕ್ಟೀಷನರ್, ಸ್ಪೆಷಲಿಸ್ಟ್, ಕನ್ಸಲ್ಟೆಂಟ್. ಅಪಾಯಿಂಟ್‌ಮೆಂಟ್ ತಗೊಳ್ಳುವಾಗ ಇವರು ಯಾವ ದರ್ಜೆ ಅಂತ ಕೇಳ್ರಿ. ಲ್ಯಾಬಿಗೆ ನೋಡಬೇಕಾದದ್ದು ಐಎಸ್‌ಒ 15189 ಅಥವಾ ಕಾಲೇಜ್ ಆಫ್ ಅಮೆರಿಕನ್ ಪೆಥಾಲಜಿಸ್ಟ್ಸ್ ಮಾನ್ಯತೆ. ಆಸ್ಪತ್ರೆಯ ಬಾಗಿಲಲ್ಲಿರೋ ಜೆಸಿಐ ಚಿನ್ನದ ಮುದ್ರೆ ಇಡೀ ಆಸ್ಪತ್ರೆಯ ವ್ಯವಸ್ಥೆಗೆ ಸಿಕ್ಕದ್ದು, ಲ್ಯಾಬಿನ ಒಂದೊಂದು ಪರೀಕ್ಷೆಗೆ ಸಿಕ್ಕದ್ದಲ್ಲ. ನಂತರ ಒಂದೇ ಪ್ರಶ್ನೆ ಕೇಳ್ರಿ: ಗ್ಲೂಕೋಸ್, ಎಚ್‌ಬಿಎ1ಸಿ, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ) ಇಲ್ಲೇ ಮಾಡ್ತೀರೋ, ಹೊರಗೆ ಕಳಿಸ್ತೀರೋ? ಇಲ್ಲೇ ಅಂದರೆ ಅದೇ ನಿಮ್ಮ ಲ್ಯಾಬ್.

ಬೇಕಿಲ್ಲದ ಟೆಸ್ಟ್ ಅನ್ನೋ ನಿಮ್ಮ ಸಿಟ್ಟಿನಲ್ಲಿ ಸತ್ಯ ಇದೆ. ಆದರೆ ಅದಕ್ಕೆ ಮದ್ದು ಇನ್ಷೂರೆನ್ಸ್ ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳೋದು. ಶಾರ್ಜಾ, ಅಜ್ಮಾನ್ ಸೇರಿ ಉತ್ತರದ ಎಮಿರೇಟ್‌ಗಳಲ್ಲಿ 2025ರ ಜನವರಿ 1ರಿಂದ ಖಾಸಗಿ ಕಂಪನಿ ನೌಕರರಿಗೆ ಆರೋಗ್ಯ ವಿಮೆ ಕಡ್ಡಾಯ, ಖರ್ಚು ಕಂಪನಿಯದ್ದು. ದುಬೈನಲ್ಲಿ ಅದಕ್ಕೂ ಮೊದಲೇ ಇತ್ತು. ಕಾರ್ಡು ಬೇರೆ ಬೇಕಿಲ್ಲ, ಎಮಿರೇಟ್ಸ್ ಐಡಿ ಸಾಕು. ಡಾಕ್ಟರು ಪ್ರತಿ ಟೆಸ್ಟಿನ ಜೊತೆ ಕಾಯಿಲೆಯ ಐಸಿಡಿ-10 ಕೋಡ್ ಹಾಕ್ತಾರೆ, ವಿಮೆಯವರು ಅದನ್ನು ನೋಡಿಯೇ ಒಪ್ಪೋದು. ‘ಹಂಗೇ ಒಂದು ಚೆಕಪ್’ ಅಂತ ಹೋದರೆ ಝಡ್00 ಬೀಳುತ್ತದೆ, ಸಾಮಾನ್ಯವಾಗಿ ತಿರಸ್ಕಾರ, ಹಣ ನಿಮ್ಮ ಜೇಬಿಂದ. ಟೈಪ್ 2 ಡಯಾಬಿಟಿಸ್‌ಗೆ ಇ11, ಥೈರಾಯ್ಡ್ ಕಡಿಮೆ ಇದ್ದವರಿಗೆ ಇ03. ಇರೋ ತೊಂದರೆಯನ್ನು ಇದ್ದಂತೆ ಹೇಳ್ರಿ: ಕಾಲು ಉರಿ, ರಾತ್ರಿ ಮೂರು ಸಲ ಮೂತ್ರ, ತೂಕ ಇಳಿದದ್ದು. ಹಳೆ ರಿಪೋರ್ಟ್ ಮುಂದಿಡ್ರಿ. ಪಾಲಿಸಿಯ ಟೇಬಲ್ ಆಫ್ ಬೆನಿಫಿಟ್ಸ್ ಹಾಳೆಯನ್ನು ಎಚ್‌ಆರ್‌ನವರಿಂದ ತರಿಸಿಕೊಂಡು ನಾಲ್ಕು ಸಾಲು ಓದ್ರಿ: ಹೊರರೋಗಿ ನೆಟ್‌ವರ್ಕ್, ಕೋ-ಪೇ (ಬಿಲ್ಲಿನಲ್ಲಿ ನೀವು ಕೊಡಬೇಕಾದ ಪಾಲು), ಹಳೆ ಕಾಯಿಲೆ, ಪ್ರಿವೆಂಟಿವ್ ಸರ್ವಿಸಸ್. ಮೂಲ ಪಾಲಿಸಿ ಆದರೆ ಮೊದಲು ಜನರಲ್ ಡಾಕ್ಟರ ಹತ್ತಿರ ಹೋಗಿ ರೆಫರಲ್ ತರಬೇಕಾಗುತ್ತದೆ, ಸೀದಾ ಸ್ಪೆಷಲಿಸ್ಟ್ ಹತ್ತಿರ ಹೋದರೆ ಬಿಲ್ ನಿಮ್ಮದೇ. ಫಾರ್ಮ್‌ನಲ್ಲಿ ಶುಗರ್, ಬಿಪಿ ಮುಚ್ಚಿಡಬೇಡ್ರಿ. ನಾಳೆ ದೊಡ್ಡ ಕ್ಲೇಮ್ ಬಂದಾಗ ಅದನ್ನೇ ಕಾರಣ ಮಾಡ್ತಾರೆ. ಎದೆನೋವು, ಪಾರ್ಶ್ವವಾಯು, ಅಪಘಾತ ಆದರೆ ನೆಟ್‌ವರ್ಕ್ ನೋಡ್ತಾ ಕೂರಬೇಡ್ರಿ, 998ಕ್ಕೆ ಆಂಬುಲೆನ್ಸ್ ಕರೀರಿ.

ರಿಪೋರ್ಟ್ ಓದುವಾಗ ಮೊದಲು ಯೂನಿಟ್ ನೋಡ್ರಿ. ಊರಲ್ಲಿ ಎಂಜಿ/ಡಿಎಲ್, ಅಲ್ಲಿ ಕೆಲವು ಲ್ಯಾಬ್‌ಗಳಲ್ಲಿ ಮಿಲಿಮೋಲ್. ಸಕ್ಕರೆಗೆ ಮಿಲಿಮೋಲ್ ಅನ್ನು 18ರಿಂದ ಗುಣಿಸಬೇಕು: 7.0 ಅಂದರೆ ನಮ್ಮ 126, ಡಯಾಬಿಟಿಸ್‌ನ ಗೆರೆ. ಕ್ರಿಯಾಟಿನಿನ್ ಮೈಕ್ರೋಮೋಲ್‌ನಲ್ಲಿದ್ದರೆ 88.4ರಿಂದ ಭಾಗಿಸ್ರಿ. 97 ಅಂತ ನೋಡಿ ಕಿಡ್ನಿ ಹೋಯ್ತು ಅಂತ ಹೆದರಬೇಡ್ರಿ, ಅದು ನಮ್ಮ 1.1. ಎಚ್‌ಬಿಎ1ಸಿ 6.5 ಶೇಕಡಾ ಮತ್ತು 48 ಮಿಲಿಮೋಲ್/ಮೋಲ್ ಎರಡೂ ಒಂದೇ. ಯೂನಿಟ್ ಒಂದೇ ಇದ್ದರೂ ಎರಡು ಲ್ಯಾಬಿನ ವಿಧಾನ ಬೇರೆ ಇರಬಹುದು, ಅದಕ್ಕೇ ಒಂದೇ ಲ್ಯಾಬ್ ಅಂತ ಇಷ್ಟು ಹೇಳ್ತಿರೋದು.

ಎಚ್‌ಬಿಎ1ಸಿ ಒಳ್ಳೆಯ ಪರೀಕ್ಷೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತಂಪಾಗಿಟ್ಟರೆ ಕೆಲವು ದಿನ ಕೆಡೋದಿಲ್ಲ, ಬಸ್ಸಿನ ಪ್ರಯಾಣವನ್ನು ತಡೆದುಕೊಳ್ಳುತ್ತದೆ. ಆದರೆ ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಸುಳ್ಳೇ ಹೆಚ್ಚು ತೋರಿಸುತ್ತದೆ, ಇತ್ತೀಚೆಗೆ ರಕ್ತಸ್ರಾವ ಆಗಿದ್ದರೆ ಅಥವಾ ರಕ್ತ ಹಾಕಿಸಿಕೊಂಡಿದ್ದರೆ ಸುಳ್ಳೇ ಕಡಿಮೆ. ಆದ್ದರಿಂದ ಹಿಮೋಗ್ಲೋಬಿನ್ ಜೊತೆಗಿಟ್ಟೇ ಓದಬೇಕು. ನಿಮ್ಮ ಮನೆಯವರದ್ದು ನೋಡುವಾಗ ಇದು ನೆನಪಿರಲಿ.

ಅವರ ಥೈರಾಯ್ಡ್ ಬಗ್ಗೆ ಇನ್ನೆರಡು ಮಾತು. ರಕ್ತ ಕೊಟ್ಟ ಮೇಲೆ ಆ ದಿನದ ಮಾತ್ರೆ ನುಂಗಲಿ. ಕೂದಲು ಉದುರುತ್ತೆ ಅಂತ ಬಯೋಟಿನ್ ತಗೊಳ್ತಿದ್ದರೆ ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಲಿ. ಕೆಲವು ಮಷೀನ್‌ಗಳಲ್ಲಿ ಬಯೋಟಿನ್ ಟಿಎಸ್‌ಎಚ್ ಅನ್ನು ಸುಳ್ಳೇ ಇಳಿಸಿ, ಟಿ4 (ಥೈರಾಯ್ಡ್ ಹಾರ್ಮೋನು) ಅನ್ನು ಸುಳ್ಳೇ ಏರಿಸಿ ತೋರಿಸುತ್ತದೆ. ಅದನ್ನು ನೋಡಿ ಡೋಸ್ ಕಡಿಮೆ ಮಾಡಿದರೆ ತೊಂದರೆ ಶುರು.

ಮಾತ್ರೆ ಕಟ್ಟಿಸಿಕೊಂಡು ಹೋಗೋದರ ವಿಷಯಕ್ಕೆ ಬರ್ತೀನಿ, ಇಲ್ಲಿ ಜನ ಜೈಲಿನ ಬಾಗಿಲವರೆಗೂ ಹೋಗಿದ್ದಾರೆ. ಬೆನ್ನುನೋವಿಗೆ ಊರಲ್ಲಿ ಕೊಡೋ ಟ್ರಮಡಾಲ್, ಕೆಮ್ಮಿನ ಸಿರಪ್‌ನಲ್ಲಿರೋ ಕೊಡೀನ್, ನಿದ್ದೆಗೆ ಅಂತ ಅಲ್ಪ್ರಾಜೋಲಾಮ್, ಕಾಲು ಉರಿಗೆ ಬರೆಯೋ ಪ್ರೆಗಾಬಾಲಿನ್, ಇವೆಲ್ಲ ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಚೀಟಿ ಇದ್ದರೂ ಹೊರಡೋ ಮುಂಚೆ ಯುಎಇ ಸರ್ಕಾರದ ಆನ್‌ಲೈನ್ ಅನುಮತಿ ತಗೋಬೇಕು. ಕಂಪೋಸಿಷನ್ ಗೊತ್ತಿಲ್ಲದ ಒಂದು ಸ್ಟ್ರಿಪ್ಪನ್ನೂ ಬ್ಯಾಗಿಗೆ ಹಾಕಬೇಡ್ರಿ. ಅವ್ವ ಪ್ರೀತಿಯಿಂದ ಕಟ್ಟಿಕೊಡೋ ಮಸಾಲೆ ಗಂಟಿನಲ್ಲಿ ಗಸಗಸೆ ಇದ್ದರೆ ತೆಗೆದಿಡ್ರಿ, ಅಲ್ಲಿ ಅದು ನಿಷೇಧ. ಉಳಿದ ಔಷಧಿ ಮೂರು ತಿಂಗಳಿಗಿಂತ ಹೆಚ್ಚು ಒಯ್ಯಬೇಡ್ರಿ, ಮೂಲ ಪ್ಯಾಕ್‌ನಲ್ಲೇ ಇರಲಿ, ಚೀಟಿ ಜೊತೆಗಿರಲಿ. ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧಿಯ ಹೆಸರನ್ನೇ ಬರೆಸ್ರಿ: ಗ್ಲೈಕೋಮೆಟ್ ಜಿಪಿ ಅಲ್ಲ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಎಷ್ಟೆಷ್ಟು ಮಿಲಿಗ್ರಾಂ ಅಂತ. ಥೈರೋನಾರ್ಮ್ ಅಂದರೆ ಅಲ್ಲಿನ ಫಾರ್ಮಸಿಯವರಿಗೆ ತಿಳಿಯದಿರಬಹುದು, ಲೆವೊಥೈರಾಕ್ಸಿನ್ ಅಂದರೆ ಎಲ್ಲೆಡೆ ತಿಳಿಯುತ್ತದೆ. ಇನ್ಸುಲಿನ್ ಇದ್ದರೆ ಕೈಚೀಲದಲ್ಲೇ ಇರಲಿ, ಲಗೇಜ್ ಖಾನೆಯಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರೋದಿಲ್ಲ.

ಇಷ್ಟಾದ ಮೇಲೂ ಊರಲ್ಲಿ ಮಾಡಿಸಲೇಬೇಕು ಅಂದರೆ ಹಳ್ಳಿಯ ಅಥವಾ ತಾಲೂಕಿನ ಕಲೆಕ್ಷನ್ ಸೆಂಟರ್ ಬಿಟ್ಟು, ಕೊಪ್ಪಳಕ್ಕೋ ಬಳ್ಳಾರಿಗೋ ರಾಯಚೂರಿಗೋ ಹೋಗಿ ಮಷೀನ್ ಇರೋ ಕಡೆ ಕೂತು ಕೊಡ್ರಿ. ಎನ್‌ಎಬಿಎಲ್ (ಭಾರತದಲ್ಲಿ ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮುದ್ರೆ ಇದ್ದರೆ ಒಳ್ಳೆಯದು, ಆದರೆ ಮಾನ್ಯತೆ ಪರೀಕ್ಷೆವಾರು ಇರುತ್ತದೆ. ರಿಪೋರ್ಟಿನಲ್ಲಿ ಕೆಲವು ಪರೀಕ್ಷೆಗೆ ನಕ್ಷತ್ರದಂಥ ಗುರುತು ಹಾಕಿರ್ತಾರೆ, ಅದು ಮಾನ್ಯತೆಯೊಳಗಿದೆಯೋ ಇಲ್ಲವೋ ಅಂತ ಕೆಳಗೆ ಬರೆದಿರೋದನ್ನು ಓದ್ರಿ. ಸಕ್ಕರೆಗೆ ಬೂದು ಮುಚ್ಚಳ ಕೇಳಿ ತಗೊಳ್ರಿ, ನಾಚಿಕೆ ಬೇಡ. ಊಟದ ನಂತರದ್ದು ಅಂದರೆ ಮೊದಲ ತುತ್ತಿನಿಂದ ಎರಡು ಗಂಟೆ, ಕೈ ತೊಳೆದಾಗಿನಿಂದ ಅಲ್ಲ. ರಕ್ತ ತೆಗೆಯುವಾಗ ಮುಷ್ಟಿ ಬಿಗಿದು ಬಿಚ್ಚಿ ಮಾಡಬೇಡ್ರಿ, ಪೊಟ್ಯಾಶಿಯಂ ಸುಳ್ಳೇ ಏರುತ್ತದೆ. ಮೀಟರ್ ಜೊತೆಗೊಯ್ದು ಸೂಜಿ ಚುಚ್ಚಿದ ಹೊತ್ತಿನಲ್ಲೇ ಬೆರಳಲ್ಲೂ ನೋಡಿ ಬರೆದಿಟ್ಟುಕೊಳ್ರಿ. ಸ್ಟ್ರಿಪ್ ಡಬ್ಬಿಯನ್ನು ಕಾರಿನಲ್ಲಿ ಬಿಡಬೇಡ್ರಿ, 30 ಡಿಗ್ರಿ ದಾಟಿದರೆ ಸ್ಟ್ರಿಪ್ ನಂಬೋಕಾಗೋದಿಲ್ಲ, ನಮ್ಮ ಕಡೆ ಏಪ್ರಿಲ್‌ನಲ್ಲಿ ಕಾರಿನೊಳಗೆ ಅದು ಬೆಳಿಗ್ಗೆಯೇ ದಾಟಿರುತ್ತದೆ.

ಈಗ ಎದ್ದು ಹೋಗಿ ಕಳೆದ ರಜೆಯ ರಿಪೋರ್ಟ್ ತೆಗೀರಿ. ಕಲೆಕ್ಟೆಡ್, ರಿಸೀವ್ಡ್ ಎಷ್ಟೊತ್ತಿಗೆ ಅಂತ ನೋಡಿ, ನಿಮ್ಮ ಫಾಸ್ಟಿಂಗ್ ಅಂಕಿಯ ಜೊತೆ ಇಲ್ಲೇ ಕೆಳಗೆ ಬರೀರಿ. ಮುಚ್ಚಳದ ಬಣ್ಣ ನೆನಪಿದ್ದರೆ ಅದನ್ನೂ ಬರೀರಿ. ನಡುವೆ ಎರಡು ಗಂಟೆಗಿಂತ ಹೆಚ್ಚು ಇದ್ದರೆ ರಜೆಗೆ ಕಾಯಬೇಡ್ರಿ, ಈ ವಾರವೇ ಶಾರ್ಜಾದಲ್ಲಿ ಎಚ್‌ಬಿಎ1ಸಿ ಮಾಡಿಸ್ರಿ.