ಬೀಗದ ಕೈ ಯಾರ ಬಳಿ ಇದೆ?

ಪ್ರೌಢಶಾಲೆಯ ಔಷಧ ನಿಯಮಗಳನ್ನು ಕುರಿತು ಬಂದ ಮೂರು ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಆರನೇ ವಯಸ್ಸಿನಿಂದ ಉಬ್ಬಸವಿದೆ. ಈಗ ಒಂಬತ್ತನೇ ತರಗತಿ. ಮಕ್ಕಳು ಯಾವ ಔಷಧಿಯನ್ನೂ ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಶಾಲೆಯ ನಿಯಮವಾದ್ದರಿಂದ ಅವನ ಇನ್‌ಹೇಲರ್ ಕಚೇರಿಯ ಬೀರುವಿನಲ್ಲಿರುತ್ತದೆ. ಕಳೆದ ತಿಂಗಳು ಮೈದಾನದಲ್ಲಿ ಉಸಿರು ಕಟ್ಟಿದಾಗ ಬೀಗದ ಕೈ ಹುಡುಕುವುದಕ್ಕೇ ಹತ್ತು ನಿಮಿಷ ಹಿಡಿಯಿತಂತೆ. ಶಾಲೆಯನ್ನು ನಾನು ಏನೆಂದು ಕೇಳಲಿ? (ಒಬ್ಬ ತಾಯಿ)

ಉತ್ತರ: ಬೀಗ ಹಾಕುವ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಆ ವಯಸ್ಸಿನ ಮಕ್ಕಳು ತಲೆನೋವಿನ ಮಾತ್ರೆಯನ್ನು ಪೆನ್ಸಿಲ್ ಹಂಚಿಕೊಂಡಷ್ಟೇ ಸಲೀಸಾಗಿ ಹಂಚಿಕೊಳ್ಳುತ್ತಾರೆ; ಹಾಗಾಗಿ ದಿನಕ್ಕೆರಡು ಹೊತ್ತು ನುಂಗುವ ಮಾತ್ರೆಗಳಿಗೆ ಬೀರುವೇ ಸರಿಯಾದ ಜಾಗ. ಆದರೆ ನಿಮಿಷಗಳಲ್ಲಿ ಬೇಕಾಗುವ ಔಷಧಿಗೂ ಅದೇ ನಿಯಮ ಅನ್ವಯಿಸಿದರೆ ಅದು ರಕ್ಷಣೆಯಾಗಿ ಉಳಿಯುವುದಿಲ್ಲ. ಉಬ್ಬಸದವರ ಸಾಲ್ಬ್ಯುಟಮಾಲ್ ಇನ್‌ಹೇಲರ್, ತೀವ್ರ ಅಲರ್ಜಿ ಇರುವವರ ಅಡ್ರಿನಲಿನ್ ಚುಚ್ಚುಮದ್ದು, ಸಕ್ಕರೆ ಕಾಯಿಲೆಯ ಮಗುವಿನ ಗ್ಲೂಕೋಸ್ ಈ ಗುಂಪಿಗೆ ಸೇರಿದವು. ಓಟ, ದೂಳು, ತಣ್ಣನೆಯ ಗಾಳಿ ಉಬ್ಬಸವನ್ನು ಕೆರಳಿಸುತ್ತವೆ, ಮತ್ತು ಇವೆಲ್ಲ ಒಟ್ಟಿಗೆ ಸಿಗುವುದು ಮೈದಾನದಲ್ಲಿ, ಅಂದರೆ ಬೀರುವಿನಿಂದ ಬಹುದೂರದಲ್ಲಿ.

ಆದ್ದರಿಂದ ನಿಯಮವನ್ನೇ ತೆಗೆದುಹಾಕಿ ಎಂದು ಕೇಳಬೇಡಿ, ಅದರಲ್ಲಿ ಒಂದು ವಿನಾಯಿತಿಯನ್ನು ಬರವಣಿಗೆಯಲ್ಲಿ ಕೇಳಿ. ಅದಕ್ಕೆ ನಿಮ್ಮ ವೈದ್ಯರು ಸಹಿ ಮಾಡಿದ ಒಂದು ಪುಟದ ಸೂಚನೆ ಬೇಕು: ಔಷಧಿಯ ಹೆಸರು, ಎಷ್ಟು ಬಾರಿ ಒತ್ತಬೇಕು, ಎಷ್ಟು ಹೊತ್ತು ಕಾದು ಮತ್ತೆ ಕೊಡಬೇಕು, ಯಾವಾಗ ಆಂಬುಲೆನ್ಸ್ ಕರೆಯಬೇಕು, ನಿಮ್ಮ ಫೋನ್ ಸಂಖ್ಯೆ. ಒಂದು ಇನ್‌ಹೇಲರ್ ಅವನ ಜೇಬಿನಲ್ಲಿರಲಿ. ಇನ್ನೊಂದನ್ನು ಅವನ ಹೆಸರು ಬರೆದು, ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಜೊತೆಗೆ ಶಾಲೆಗೆ ಕೊಡಿ, ಮತ್ತು ಅದರ ಅವಧಿ ಮುಗಿಯುವ ತಿಂಗಳನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಏಕೆಂದರೆ ಶಾಲೆ ಅದನ್ನು ನೆನಪಿಟ್ಟುಕೊಳ್ಳುವುದು ಅಪರೂಪ. ಪೂರ್ತಿ ವಾಕ್ಯ ಆಡಲಾಗದಷ್ಟು ಏದುಸಿರು, ಉಸಿರೆಳೆದಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುವುದು, ತುಟಿ ನೀಲಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಂಬುಲೆನ್ಸ್ ಕರೆಯಬೇಕೆಂಬುದನ್ನು ದೈಹಿಕ ಶಿಕ್ಷಕರು ತಿಳಿದಿರಬೇಕು.

ಶಾಲೆಗೆ ಹೋಗುವ ಮುನ್ನ ಮನೆಯಲ್ಲಿ ಮಗನನ್ನು ಎದುರಿಗೆ ಕೂರಿಸಿಕೊಂಡು, ಇನ್‌ಹೇಲರ್ ಬಳಸಿ ತೋರಿಸು ಎನ್ನಿ. ವರ್ಷಗಳಿಂದ ಬಳಸುತ್ತಿರುವ ಮಕ್ಕಳೂ ಔಷಧಿಯನ್ನು ನಾಲಗೆಯ ಮೇಲೆ ಸಿಂಪಡಿಸಿಕೊಳ್ಳುವುದನ್ನು ನಾನು ಬಹಳ ಕಂಡಿದ್ದೇನೆ. ಚೆನ್ನಾಗಿ ಅಲುಗಾಡಿಸಿ, ಉಸಿರನ್ನು ಪೂರ್ತಿ ಹೊರಹಾಕಿ, ತುಟಿಗಳನ್ನು ಇನ್‌ಹೇಲರಿನ ಬಾಯಿಯ ಸುತ್ತ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಉಸಿರೆಳೆಯಲು ಆರಂಭಿಸಿದೊಡನೆ ಒತ್ತಿ, ಎಳೆದ ಉಸಿರನ್ನು ಹತ್ತು ಎಣಿಸುವವರೆಗೆ ಹಿಡಿದಿರಬೇಕು. ಅವನು ಇದನ್ನು ತಪ್ಪಿಲ್ಲದೆ ಮಾಡಿ ತೋರಿಸಿದರೆ, ಮುಖ್ಯೋಪಾಧ್ಯಾಯರ ಮುಂದೆ ನಿಮ್ಮ ವಾದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಪ್ರಶ್ನೆ: ನಾನು ಹತ್ತನೇ ತರಗತಿಯಲ್ಲಿದ್ದೇನೆ, ಟೈಪ್ 1 ಮಧುಮೇಹವಿದೆ. ತರಗತಿಯಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಲು ಬಿಡುವುದಿಲ್ಲ, ಆರೋಗ್ಯ ಕೊಠಡಿಗೆ ಹೋಗು ಎನ್ನುತ್ತಾರೆ. ಅದು ಇನ್ನೊಂದು ಕಟ್ಟಡದ ಎರಡನೇ ಮಹಡಿಯಲ್ಲಿದೆ. ನನ್ನ ಕಾಯಿಲೆ ಎಲ್ಲರಿಗೂ ಗೊತ್ತಾಗುವುದೂ ನನಗೆ ಇಷ್ಟವಿಲ್ಲ.

ಉತ್ತರ: ಸಕ್ಕರೆ ಇಳಿದ ಮಗುವನ್ನು ಒಂಟಿಯಾಗಿ ಮೆಟ್ಟಿಲು ಹತ್ತಿಸುವುದು ತಪ್ಪು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ಕೈ ನಡುಗುತ್ತದೆ, ಬೆವರು ಬರುತ್ತದೆ, ಇನ್ನೂ ಇಳಿದರೆ ಬುದ್ಧಿಗೆ ಮಂಕು ಕವಿಯುತ್ತದೆ, ಮತ್ತು ಆ ಸ್ಥಿತಿಯಲ್ಲಿ ದಾರಿಯಲ್ಲೇ ಕುಸಿಯಬಹುದು. ಕುಳಿತಲ್ಲೇ ಪರೀಕ್ಷಿಸಿ, ಕುಳಿತಲ್ಲೇ 15 ಗ್ರಾಂ ಸಕ್ಕರೆ ತೆಗೆದುಕೊಂಡು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸುವುದು ಸರಿಯಾದ ಕ್ರಮ. ಗ್ಲೂಕೋಸ್ ಮಾತ್ರೆ, ಇಲ್ಲವೇ ಸುಮಾರು ಮೂರು ಟೀ ಚಮಚ ಸಕ್ಕರೆ ಕರಗಿಸಿದ ನೀರು ಸಾಕು. ಚಾಕೊಲೇಟ್ ಬೇಡ, ಅದರಲ್ಲಿರುವ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತದೆ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬಾರದು, ಪಕ್ಕಕ್ಕೆ ಹೊರಳಿಸಿ ಆಂಬುಲೆನ್ಸ್ ಕರೆಯಬೇಕು. ಇಷ್ಟನ್ನು ನಿನ್ನ ವೈದ್ಯರಿಂದ ಬರೆಸಿ, ಅಪ್ಪ ಅಮ್ಮನ ಮೂಲಕ ಶಾಲೆಗೆ ಕೊಡಿಸು. ಪರೀಕ್ಷಾ ಕೊಠಡಿಗೆ ಮೀಟರ್ ಮತ್ತು ಗ್ಲೂಕೋಸ್ ಒಯ್ಯಲು, ಸಕ್ಕರೆ ಇಳಿದರೆ ಕಳೆದುಹೋದ ಸಮಯವನ್ನು ಹಿಂದಕ್ಕೆ ಪಡೆಯಲು ಅನುಮತಿಯೂ ಅದೇ ಪತ್ರದಲ್ಲಿರಲಿ. ಪರೀಕ್ಷೆಯ ದಿನ ಬೆಳಿಗ್ಗೆ ಕೇಳಿದರೆ ಯಾರೂ ಹೂಂ ಅನ್ನುವುದಿಲ್ಲ.

ಗುಟ್ಟಿನ ವಿಷಯದಲ್ಲಿ ನಿನ್ನ ಆಸೆ ನ್ಯಾಯವಾದದ್ದೇ. ಪಾಠ ಮಾಡುವ ಶಿಕ್ಷಕರಿಗೆ ತಿಳಿದಿರಬೇಕು, ಇಡೀ ತರಗತಿಗೆ ತಿಳಿಯಬೇಕಾಗಿಲ್ಲ. ಹೆಸರು, ಕಾಯಿಲೆಗಳ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸುವ ಶಾಲೆಗಳಿವೆ, ಅದನ್ನು ನಾನು ಒಪ್ಪುವುದಿಲ್ಲ. ಆದರೆ ಪಕ್ಕದಲ್ಲಿ ಕೂರುವ ಒಬ್ಬ ಗೆಳತಿಗಾದರೂ ಹೇಳು. ನೀನು ತಬ್ಬಿಬ್ಬಾದದ್ದು ನಿನಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ದಾದಿ ಇಲ್ಲ. ಜ್ವರ ಬಂದ ಮಕ್ಕಳಿಗೆ ಶಿಕ್ಷಕರೇ ಮಾತ್ರೆ ಕೊಡಬಹುದೇ? ಅವರನ್ನು ಮತ್ತೆ ಯಾವಾಗ ಶಾಲೆಗೆ ಸೇರಿಸಿಕೊಳ್ಳಬೇಕು? (ಒಬ್ಬ ಮುಖ್ಯೋಪಾಧ್ಯಾಯರು)

ಉತ್ತರ: ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಕೊಡಬೇಡಿ. ಒಪ್ಪಿಗೆ ಇದ್ದರೂ ಪ್ಯಾರಾಸಿಟಮಾಲ್ ಹೊರತು ಬೇರೇನೂ ಬೇಡ. ಆಸ್ಪಿರಿನ್ ಅಂತೂ 16 ವರ್ಷದೊಳಗಿನವರಿಗೆ ಕೂಡದು, ಮಿದುಳು ಮತ್ತು ಯಕೃತ್ತನ್ನು ಕೆಡಿಸುವ ರೇ ಸಿಂಡ್ರೋಮ್ ಎಂಬ ವಿರಳ ಕಾಯಿಲೆಗೆ ಅದು ದಾರಿ ಮಾಡಬಲ್ಲದು. ಮಾತ್ರೆಯ ಸಹಾಯವಿಲ್ಲದೆ 24 ಗಂಟೆ ಜ್ವರವಿಲ್ಲದಿದ್ದರೆ ಮಗು ಶಾಲೆಗೆ ಬರಬಹುದು. ವಾಂತಿ ಭೇದಿಯಾದರೆ ನಿಂತು 48 ಗಂಟೆಯಾಗಲಿ, ಸೀತಾಳೆ ಸಿಡುಬಾದರೆ ಎಲ್ಲ ಗುಳ್ಳೆಗಳೂ ಹಕ್ಕುಗಟ್ಟಲಿ.

ನೀವು ಕೇಳದ ಇನ್ನೊಂದು ಮಾತು: ಆಟದಲ್ಲಿ ತಲೆಗೆ ಏಟು ಬಿದ್ದು ತಲೆ ಸುತ್ತಿದ, ವಾಂತಿಯಾದ ಅಥವಾ ಗೊಂದಲಗೊಂಡ ವಿದ್ಯಾರ್ಥಿಯನ್ನು, ಅವನು ಎಷ್ಟೇ ಚೆನ್ನಾಗಿದ್ದೇನೆ ಎಂದರೂ, ಆ ದಿನ ಮತ್ತೆ ಆಟಕ್ಕೆ ಇಳಿಸದೆ ವೈದ್ಯರಿಗೆ ತೋರಿಸಿ.

ಮತ್ತೆ ಜ್ವರದ ವಿಷಯಕ್ಕೆ ಬಂದರೆ, ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟ ಗಂಟೆ ಮತ್ತು ಪ್ರಮಾಣವನ್ನು ಪುಸ್ತಕದಲ್ಲಿ ಬರೆದು, ಅದನ್ನೇ ಒಂದು ಚೀಟಿಯಲ್ಲಿ ಮಗುವಿನ ಕೈಗೆ ಕೊಟ್ಟು ಕಳುಹಿಸಿ. ಎರಡು ಡೋಸುಗಳ ನಡುವೆ ಕನಿಷ್ಠ 4 ಗಂಟೆ ಇರಬೇಕು, ದಿನಕ್ಕೆ 4 ಡೋಸು ಮೀರಬಾರದು. ಚೀಟಿ ಇಲ್ಲದಿದ್ದರೆ, ಮೂರು ಗಂಟೆಗೆ ಶಾಲೆಯಲ್ಲಿ ನುಂಗಿದ ಮಾತ್ರೆಯನ್ನೇ ತಾಯಿ ನಾಲ್ಕಕ್ಕೆ ಮನೆಯಲ್ಲಿ ಮತ್ತೊಮ್ಮೆ ಕೊಟ್ಟಿರುತ್ತಾರೆ.